‘ವಾಟರ್‌ಪ್ರೂಫ್’ ಉಳಿ ಸ್ಟ್ಯಾಂಡ್ ಮಾಡಿಸುವವರು ಇದನ್ನು ಓದಿ ಮುಂಗಡ ಕೊಡಿ

ಕಲಬುರಗಿಯಲ್ಲಿ ಮರ ಕಡೆಯುವ ಲೇಥ್ ಇಟ್ಟುಕೊಂಡವರು ಉಳಿಗಳಿಗೊಂದು ಸ್ಟ್ಯಾಂಡ್ ಮಾಡಿಸುವ ಯೋಚನೆಯಲ್ಲಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಶೆಡ್ಡಿನಲ್ಲಿ ಲಟ್ಟಣಿಗೆ, ತೊಟ್ಟಿಲಿನ ಕಾಲು ಇಂಥವು ತಯಾರಾಗುತ್ತವೆ. ಗೌಜ್, ಸ್ಕ್ಯೂ, ಪಾರ್ಟಿಂಗ್ ಉಳಿಗಳೆಲ್ಲ ಮೇಜಿನ ಮೇಲೆ ಉರುಳಾಡಿ, ಒಂದರ ಬಾಯಿ ಇನ್ನೊಂದಕ್ಕೆ ತಾಗಿ ಮೊಂಡಾಗುತ್ತಿದ್ದವು. ಊರಿನದೇ ಒಂದು ಅಂಗಡಿಗೆ ಪ್ಲೈವುಡ್ ಸ್ಟ್ಯಾಂಡ್ ಹೇಳಿದೆ. ‘ಪೂರಾ ವಾಟರ್‌ಪ್ರೂಫ್ ಮಾಲು ಸರ್, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ’ ಎಂದರು ಮಾಲೀಕರು. ನನ್ನ ಮಗಳಿಗೆ ಇನ್ನೂ ಮದುವೆಯೇ ಆಗಿಲ್ಲ. ಸ್ಟ್ಯಾಂಡ್ ಒಂದು ಮಳೆಗಾಲವನ್ನೂ ದಾಟಲಿಲ್ಲ.

ಬಂದದ್ದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮೇಲೆ ಕೆಳಗೆ ಮೈಕಾ, ಅಂಚಿಗೆ ಅದೇ ಬಣ್ಣದ ಪಟ್ಟಿ. ಒಳಗೇನಿದೆ ಎಂಬುದು ದೇವರಿಗೂ ಕಾಣುವಂತಿರಲಿಲ್ಲ. ಬೇಸಿಗೆ ಇರುವವರೆಗೆ ಎಲ್ಲವೂ ಸರಿಯಾಗಿತ್ತು, ನಮ್ಮ ಬಿಸಿಲಿನಲ್ಲಿ ಯಾವ ಹಲಗೆ ತಾನೇ ಒದ್ದೆಯಾದೀತು! ಮಳೆ ಹಿಡಿದ ಮೇಲೆ ಬಣ್ಣ ಬಯಲಾಯಿತು. ಉಳಿ ನಿಲ್ಲಿಸಲು ಕೊರೆದ ತೂತುಗಳ ಒಳಮೈಗೆ ಮೈಕಾ ಇಲ್ಲವಲ್ಲ, ತೇವ ಅಲ್ಲಿಂದಲೇ ಒಳಗಿಳಿಯಿತು. ತೂತಿನ ಸುತ್ತ ಹಲಗೆ ಉಬ್ಬಿ ಗೌಜ್ ಸಿಕ್ಕಿಹಾಕಿಕೊಂಡಿತು. ಎಳೆದರೆ ಅದರ ಜೊತೆಗೆ ಹಲಗೆಯೂ ನೆನೆದ ಬಿಸ್ಕತ್ತಿನಂತೆ ಉದುರಿತು. ಸ್ಕ್ರೂಗಳು ಹಿಡಿತ ಬಿಟ್ಟವು. ಒಂದು ಬೆಳಗ್ಗೆ ಬಾಗಿಲು ತೆರೆದರೆ ಇಡೀ ಸ್ಟ್ಯಾಂಡ್ ಲೇಥ್ ಮೇಲೆ ಮಗುಚಿಕೊಂಡಿತ್ತು.

ಲೇಥ್ ಮೇಲೆಯೇ ಏಕೆ ಬಿತ್ತು ಎನ್ನುವುದು ಇದಕ್ಕಿಂತ ದೊಡ್ಡ ತಕರಾರು. ನಮ್ಮ ಶೆಡ್ಡಿನ ಮೂರು ಗೋಡೆಗಳು ಶಹಾಬಾದ್ ಕಲ್ಲಿನವು. ಪದರು ಪದರಾದ ಆ ಕಲ್ಲಿಗೆ ಅವಸರದಲ್ಲಿ ಡ್ರಿಲ್ ಹಾಕಿದರೆ ಸೀಳುತ್ತದೆ. ಕೂರಿಸಲು ಬಂದವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನಾನು ಬೀದರ್‌ಗೆ ಹೋಗಿದ್ದ ದಿನ ನೋಡಿ, ಬಲಗಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದ ಜಾಗ ಬಿಟ್ಟು, ಲೇಥಿನ ನೇರ ಹಿಂದಿದ್ದ ಇಟ್ಟಿಗೆ ಗೋಡೆಗೆ ಬಡಿದು ಹೋಗಿದ್ದರು. ಅಲ್ಲಿಂದ ಉಳಿ ತೆಗೆಯಬೇಕೆಂದರೆ ತಿರುಗುತ್ತಿರುವ ಮರದ ಮೇಲಿಂದ ಕೈ ಚಾಚಬೇಕು. ಅಂಗಿಯ ತೋಳಿನ ತುದಿ ಸಿಕ್ಕರೆ ಸಾಕು, ಲೇಥ್ ಕೈಯನ್ನೂ ಎಳೆದುಕೊಳ್ಳುತ್ತದೆ. ಯಂತ್ರ ನಿಲ್ಲಿಸದೆ ಉಳಿ ಮುಟ್ಟಕೂಡದು ಎಂದು ಕೆಲಸದ ಹುಡುಗನಿಗೆ ಕಟ್ಟಪ್ಪಣೆ ಮಾಡಿದೆ. ಜಾಗ ಬದಲಿಸಿ ಕೊಡಿ ಎಂದು ಫೋನ್ ಮಾಡಿದಾಗಲೆಲ್ಲ ಅಂಗಡಿಯವರ ಬಾಯಲ್ಲಿ ‘ನಾಳೆ’ ಸಿದ್ಧವಾಗಿರುತ್ತಿತ್ತು.

ಸಾಲದ್ದಕ್ಕೆ ಸಣ್ಣ ಉಳಿಗಳಿಗೆಂದು ಪಿವಿಸಿ ಪೈಪಿನ ತುಂಡುಗಳನ್ನು ಜೋಡಿಸಿ ತಳಕ್ಕೆ ಮುಚ್ಚಳ ಬಡಿದಿದ್ದರು. ಹಸಿ ಜಾಲಿಮರದ ಹೊಟ್ಟು ಅದರೊಳಗೆ ಬಿದ್ದು ಅಲ್ಲೇ ಕೂತಿತು. ಜಾಲಿಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಹೆಚ್ಚು; ತೇವದೊಂದಿಗೆ ಸೇರಿದರೆ ಉಕ್ಕನ್ನು ಕಪ್ಪಾಗಿಸಿ ತುಕ್ಕು ಹಿಡಿಸುತ್ತದೆ. ಉಳಿಗಳು ಹೈಸ್ಪೀಡ್ ಸ್ಟೀಲಿನವು ನಿಜ, ಆದರೆ ಹೈಸ್ಪೀಡ್ ಸ್ಟೀಲ್ ಎಂದರೆ ತುಕ್ಕು ಹಿಡಿಯದ ಸ್ಟೀಲ್ ಅಲ್ಲ. ಪೈಪ್ ಬಳಸುವುದಾದರೆ ತಳ ತೆರೆದೇ ಇರಲಿ, ಹೊಟ್ಟು ಕೆಳಗೆ ಉದುರಿಹೋಗುತ್ತದೆ.

ದುಡ್ಡು ವಾಪಸ್ ಕೇಳಲು ಹೋದರೆ ಬಿಲ್ ತೋರಿಸಿ ಎಂದರು. ಅದರಲ್ಲಿದ್ದದ್ದು ‘ಬೋರ್ಡ್ ಸ್ಟ್ಯಾಂಡ್ – 1’ ಎಂದಷ್ಟೇ. ಪ್ಲೈವುಡ್ ಎಂಬ ಸುಳಿವೇ ಇಲ್ಲ!

ಈಗ ಹಳೆಯ ಬಾಗಿಲಿನ ಸಾಗುವಾನಿಯಿಂದ ನಾವೇ ಒಂದು ಸ್ಟ್ಯಾಂಡ್ ಮಾಡಿಕೊಂಡಿದ್ದೇವೆ. ಗೋಡೆಯ ಹಂಗಿಲ್ಲದೆ, ಲೇಥಿನ ಬಲಕ್ಕೆ, ಮರದ ಬಲತುದಿಯನ್ನು ಹಿಡಿಯುವ ಟೇಲ್‌ಸ್ಟಾಕ್ ಆಚೆ ನಿಂತಿದೆ. ಅಂಗಡಿಯಲ್ಲೇ ಮಾಡಿಸುತ್ತೀರಾದರೆ ಅಂಚಿಗೆ ಪಟ್ಟಿ ಅಂಟಿಸುವ ಮೊದಲೇ ಹೋಗಿ ಕೊಯ್ದ ಬದಿ ನೋಡಿ. ಪ್ಲೈವುಡ್ ಆದರೆ ಪದರುಗಳು ಕಾಣುತ್ತವೆ, ಪಾರ್ಟಿಕಲ್ ಬೋರ್ಡ್ ಆದರೆ ಬರೀ ಚೂರು. ಹಲಗೆಯ ಮೇಲೆ ಐಎಸ್‌ಐ ಗುರುತಿನ ಜೊತೆ 303 ಮತ್ತು ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ಎಂದಿದ್ದರೆ ಅದು ಒಳಾಂಗಣದ ಮಾಲು, ಅಲ್ಪಸ್ವಲ್ಪ ತೇವ ಮಾತ್ರ ತಡೆಯುತ್ತದೆ. 710 ಎಂದಿದ್ದರೆ ನೀರಿಗೂ ಜಗ್ಗದ ಮರೈನ್ ಪ್ಲೈ. ಅದರ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿ ಅಂಟಿನ ಹಿಡಿತ ಪರೀಕ್ಷಿಸುತ್ತಾರೆ. ಬಿಲ್ಲಿನಲ್ಲಿ ಆ ಸಂಖ್ಯೆ ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಉಳಿದ ಹಣವನ್ನು ನಿಮ್ಮೆದುರು, ನೀವು ಗುರುತು ಹಾಕಿದ ಜಾಗದಲ್ಲೇ ಕೂರಿಸಿದ ಮೇಲೆ ಕೊಡಿ.