ಭಾರಲೋಹ ಪರೀಕ್ಷೆಯ ಪ್ಯಾಕೇಜು: ಅಳತೆಗೆ ಹಣ ಕೊಡಬಹುದು, ‘ಅಪಾಯದ ಅಂದಾಜಿ’ಗೆ ಬೇಡ

ಕೋಲಾರದ ಕಡೆ ಬೋರ್‌ವೆಲ್ ನೀರೆಂದರೆ ಫ್ಲೋರೈಡಿನ ಮಾತು ಬರುತ್ತದೆಯೇ ಹೊರತು ಯುರೇನಿಯಂ, ಆರ್ಸೆನಿಕ್, ಸೀಸಗಳ ಬಗ್ಗೆ ವಿಚಾರಿಸುವವರು ಕಡಿಮೆ. ನಮ್ಮ ತೋಟದ ಬೋರ್‌ವೆಲ್ ನೀರನ್ನೂ, ಹೊಲಕ್ಕೆ ಹೊಡೆಸಬೇಕೆಂದಿದ್ದ ಕೆರೆಯ ಹೂಳನ್ನೂ ಪರೀಕ್ಷೆ ಮಾಡಿಸಲು ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದರ ಪ್ಯಾಕೇಜನ್ನು ತೆಗೆದುಕೊಂಡೆ. ಲೋಹಗಳ ಪ್ರಮಾಣವನ್ನು ಅಳೆಯುವುದರ ಜೊತೆಗೆ ಆರೋಗ್ಯ ಮತ್ತು ಪರಿಸರದ ಅಪಾಯವನ್ನೂ ಅಂದಾಜು ಮಾಡಿಕೊಡುವುದಾಗಿ ಅವರು ಹೇಳಿಕೊಳ್ಳುತ್ತಾರೆ.

ಮಾದರಿ ಸಂಗ್ರಹಿಸಲು ಬಂದ ಹುಡುಗ ಪಂಪನ್ನು ಸಾಕಷ್ಟು ಹೊತ್ತು ಓಡಿಸಿದ ಮೇಲೆಯೇ ಬಾಟಲಿ ತೆಗೆದದ್ದು ಸರಿಯಾಗಿತ್ತು. ಆದರೆ ಲೋಹಗಳು ಬಾಟಲಿಯ ಗೋಡೆಗೆ ಅಂಟದಿರಲೆಂದು ಮೊದಲೇ ನೈಟ್ರಿಕ್ ಆಮ್ಲ ಹಾಕಿಟ್ಟಿದ್ದ ಬಾಟಲಿಯನ್ನು ಅವನು ಅಭ್ಯಾಸಬಲದಿಂದ ಬೋರ್‌ವೆಲ್ ನೀರಿನಲ್ಲಿ ಕುಲುಕಿ ಚೆಲ್ಲಿಬಿಟ್ಟ. ಆಮ್ಲವೂ ಚೆಲ್ಲಿಹೋಯಿತಲ್ಲ ಎಂದು ಕೇಳಿದ ಮೇಲೆ ತಕರಾರಿಲ್ಲದೆ ಚೀಲದಿಂದ ಬೇರೆ ಬಾಟಲಿ ತೆಗೆದ. ಕೇಳದಿದ್ದರೆ ಅಂಕಿಗಳು ಇರುವುದಕ್ಕಿಂತ ಕಡಿಮೆ ಬರುವ ಸಾಧ್ಯತೆಯಿತ್ತು.

ವರದಿ ಹೇಳಿದ ದಿನಕ್ಕೇ ಬಂತು. ನೀರಿನ ಅಳತೆಯನ್ನು ಲೋಹಗಳನ್ನು ಅತಿ ಸಣ್ಣ ಪ್ರಮಾಣದಲ್ಲೂ ಗುರುತಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ ಮಾಡಿದ್ದಾರೆ; ಮನೆಯಲ್ಲೇ ಬಣ್ಣ ನೋಡಿ ಹೇಳುವ ಪಟ್ಟಿಗಳಿಗಿಂತ ಇದು ಎಷ್ಟೋ ನಂಬಿಕೆಗೆ ಅರ್ಹವಾದ ವಿಧಾನ. ಯುರೇನಿಯಂ ಲೀಟರಿಗೆ 0.041 ಮಿಲಿಗ್ರಾಂ ಎಂದಿತ್ತು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಈಗ ಒಪ್ಪುವ ಮಿತಿ 0.03, ವಿಶ್ವ ಆರೋಗ್ಯ ಸಂಸ್ಥೆಯ ತಾತ್ಕಾಲಿಕ ಮಾರ್ಗದರ್ಶಿ ಮೌಲ್ಯವೂ ಅಷ್ಟೇ. ಸೀಸದ ಸಾಲಿನಲ್ಲಿ ಮಾತ್ರ ‘ಬಿಡಿಎಲ್’, ಅಂದರೆ ಪತ್ತೆಯ ಮಿತಿಗಿಂತ ಕೆಳಗೆ, ಎಂದು ಬರೆದು ನೆಮ್ಮದಿಯ ಹಸಿರು ಬಣ್ಣ ಹಚ್ಚಿದ್ದರು. ಅಡಿಟಿಪ್ಪಣಿ ನೋಡಿದರೆ ಆ ಪತ್ತೆಯ ಮಿತಿಯೇ 0.05! ಕುಡಿಯುವ ನೀರಿನಲ್ಲಿ ಸೀಸ 0.01ನ್ನು ಮೀರಬಾರದು. ಮಿತಿಯ ನಾಲ್ಕು ಪಟ್ಟು ಸೀಸವಿದ್ದರೂ ಆ ಸಾಲು ಹಸಿರಾಗಿಯೇ ಇರುತ್ತಿತ್ತು.

‘ಅಪಾಯದ ಅಂದಾಜು’ ಎಂಬ ಭಾಗವಂತೂ ತೀರಾ ಬಡವಾಗಿದೆ. ಪ್ರಮಾಣ ಎಷ್ಟಿದ್ದರೂ ಅದು ಯಾರ ಮೈಗೆ, ಯಾವ ದಾರಿಯಿಂದ, ದಿನಕ್ಕೆ ಎಷ್ಟು ಸೇರುತ್ತದೆ ಎಂದು ಲೆಕ್ಕ ಹಾಕದೆ ಅಪಾಯವನ್ನು ಹೇಳಲಾಗದು. ಇದೇ ನೀರನ್ನು 60 ಕಿಲೋ ತೂಕದವರು ದಿನಕ್ಕೆ ಎರಡು ಲೀಟರ್ ಕುಡಿದರೆ ಕಿಲೋಗೆ ಸುಮಾರು 1.4 ಮೈಕ್ರೋಗ್ರಾಂ ಯುರೇನಿಯಂ ಸೇರುತ್ತದೆ. 15 ಕಿಲೋ ತೂಕದ ಮಗು ಒಂದೇ ಲೀಟರ್ ಕುಡಿದರೂ ಅದು 2.7 ಆಗುತ್ತದೆ. ವರದಿಯಲ್ಲಿ ಮಗುವಿನ ಲೆಕ್ಕವೇ ಇಲ್ಲ. ನಮ್ಮ ಮನೆಯಲ್ಲಿ ಕುಡಿಯುವುದು ಆರ್‌ಒ ಘಟಕದಿಂದ ತರುವ ಕ್ಯಾನ್ ನೀರು ಎಂಬುದನ್ನೂ ಯಾರೂ ಕೇಳಲಿಲ್ಲ. ಯುರೇನಿಯಂ ಇಲ್ಲಿನ ಗ್ರಾನೈಟ್ ಶಿಲೆಯಿಂದಲೇ ನೀರಿಗಿಳಿಯುವಂಥದ್ದು, ಈ ಪ್ರಮಾಣದಲ್ಲಿ ವಿಕಿರಣಕ್ಕಿಂತ ಮೂತ್ರಪಿಂಡದ ಮೇಲಾಗುವ ರಾಸಾಯನಿಕ ಪರಿಣಾಮವೇ ಮುಖ್ಯ ಎಂಬ ವಿವರಣೆಯೂ ಇಲ್ಲ. ಬದಲಿಗೆ ‘ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಎಂಬ ಸಲಹೆಯಿದೆ. ಕುದಿಸಿದರೆ ಸಾಯುವುದು ಕ್ರಿಮಿ. ಲೋಹ ಅಲ್ಲೇ ಉಳಿದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಲೋಹದ ಪರೀಕ್ಷೆಗೆಂದೇ ಹಣ ಪಡೆಯುವವರು ಈ ಸಾಲನ್ನು ಅಚ್ಚು ಹಾಕಬಾರದಿತ್ತು.

ಹೂಳಿನ ವಿಷಯದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಇನ್ನೂ ಕಡಿಮೆ. ಕೆರೆಗೆ ಬಂದ ಲೋಹದ ಬಹುಪಾಲು ತಳದ ಮಣ್ಣಿಗೆ ಅಂಟಿ ಕೂರುವುದರಿಂದ ಹೂಳನ್ನು ಪರೀಕ್ಷಿಸುವುದು ಸರಿಯೇ. ಆದರೆ ಕ್ರೋಮಿಯಂ ಒಟ್ಟು ಪ್ರಮಾಣವನ್ನು ಮಾತ್ರ ಕೊಟ್ಟಿದ್ದಾರೆ. ಹೆಚ್ಚು ವಿಷಕಾರಿಯಾದ ಷಟ್‌ವೇಲೆನ್ಸಿ ರೂಪ (ಕ್ರೋಮಿಯಂ-6) ಅದರಲ್ಲೆಷ್ಟು ಎಂಬುದಿಲ್ಲ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಗಿಡಕ್ಕೆ ಸುಲಭವಾಗಿ ಏರುತ್ತದೆ, ಅದರಲ್ಲೂ ಸೊಪ್ಪಿನ ಬೆಳೆಗಳಿಗೆ ಹೆಚ್ಚು. ನಾವು ಬೆಳೆಯುವುದು ದಂಟು, ಪಾಲಕ್. ಆದರೂ ಹೂಳಿನ ಪಿಎಚ್ ನೋಡಿಲ್ಲ. ಯಾವ ಮಾನದಂಡಕ್ಕೆ ಹೋಲಿಸಿದರೆಂದು ಹೇಳದೆ ‘ತೃಪ್ತಿಕರ’ ಎಂದು ಮುದ್ರೆ ಒತ್ತಿದ್ದಾರೆ.

ಸೀಸದ ಸಾಲಿನ ಬಗ್ಗೆ ಬರೆದಾಗ ಅವರು ವಾದಕ್ಕಿಳಿಯದೆ, ಉಳಿಸಿಕೊಂಡಿದ್ದ ಮಾದರಿಯನ್ನೇ ಹೆಚ್ಚುವರಿ ಶುಲ್ಕವಿಲ್ಲದೆ ಮತ್ತೆ ಅಳೆದು, 0.005ರ ಪತ್ತೆಮಿತಿಯೊಂದಿಗೆ ಹೊಸ ವರದಿ ಕಳಿಸಿದರು. ನೀರಿಗೆ ಇನ್ನೊಮ್ಮೆ ಇವರನ್ನೇ ಕರೆಯಬಹುದು, ಆದರೆ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ವ್ಯಾಪ್ತಿಯಲ್ಲಿ ಯಾವ ಯಾವ ಲೋಹಗಳಿವೆ, ಪ್ರತಿಯೊಂದರ ಪತ್ತೆಮಿತಿ ಎಷ್ಟು ಎಂಬ ಪಟ್ಟಿಯನ್ನು ಹಣ ಕಟ್ಟುವ ಮೊದಲೇ ತರಿಸಿಕೊಳ್ಳಬೇಕು. ಹೂಳಿಗೆ ಬೇರೆ ಪ್ರಯೋಗಾಲಯ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಟ್ರ್ಯಾಕ್ಟರಿನವನಿಗೆ ತಡೆಯಲು ಹೇಳಿದ್ದೇನೆ.