ಹುಬ್ಬಳ್ಳಿ–ಗದಗ ದಾರಿಯ ಮೂರು ಬಂಕ್‌ಗಳು: ಬಿಲ್ ಸರಿಯಾಗಿ ಕೊಡುವಲ್ಲೇ ನನ್ನ ಪೆಟ್ರೋಲ್

ಬಿತ್ತನೆ ಬೀಜದ ಕಂಪನಿಯೊಂದರ ಕೆಲಸಕ್ಕಾಗಿ ನಾನು ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ಒಮ್ಮೊಮ್ಮೆ ಮುಂಡರಗಿಯವರೆಗೂ ಮೋಟರ್ ಸೈಕಲ್ ಮೇಲೆ ಓಡಾಡುತ್ತೇನೆ. ಪೆಟ್ರೋಲಿನ ಖರ್ಚನ್ನು ಕಚೇರಿ ಭರಿಸುತ್ತದೆ, ಆದರೆ ಮುದ್ರಿತ ಬಿಲ್ ಇದ್ದರೆ ಮಾತ್ರ. ಈ ದಾರಿಯಲ್ಲಿ ನಾನು ಮೂರು ಬಗೆಯ ಬಂಕ್‌ಗಳನ್ನು ಬಳಸಿ ನೋಡಿದ್ದೇನೆ: ಹುಬ್ಬಳ್ಳಿ ಊರೊಳಗೆ ತೈಲ ಕಂಪನಿಯೇ ನೇರವಾಗಿ ನಡೆಸುವ ಒಂದು ಬಂಕ್, ಅಣ್ಣಿಗೇರಿ ಕಡೆಗೆ ಡೀಲರ್ ಒಬ್ಬರು ನಡೆಸುವ ಹಳೆಯ ಬಂಕ್, ಮತ್ತು ಹೆದ್ದಾರಿ ಮಗ್ಗುಲಿನ ಖಾಸಗಿ ಕಂಪನಿಯ ಬಂಕ್. ಮೊದಲನೆಯದೇ ನನ್ನ ಆಯ್ಕೆ, ಮತ್ತು ಅದಕ್ಕೆ ಕಾರಣ ದರವಲ್ಲ.

ದರದ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಜೊತೆಗೆ ಕೆಲಸ ಮಾಡುವವರೆಲ್ಲ ಮೊದಲು ಕೇಳುವುದು ಅದನ್ನೇ. ಡಿಪೋದಿಂದ ಬಂಕ್‌ಗೆ ಇರುವ ದೂರ ಬೇರೆಯಾದಂತೆ ಸಾಗಣೆ ವೆಚ್ಚ ಬೇರೆಯಾಗುವುದರಿಂದ ಒಂದೇ ಜಿಲ್ಲೆಯೊಳಗೂ ದರದಲ್ಲಿ ಪೈಸೆಗಳ ಅಂತರ ಇರುತ್ತದೆ. ಆ ಅಂತರ ಲೀಟರಿಗೆ 30 ಪೈಸೆ ಎಂದು ಹಿಡಿದರೂ ಎಂಟು ಲೀಟರ್ ಹಾಕಿಸಿದಾಗ ಉಳಿಯುವುದು 2 ರೂಪಾಯಿ 40 ಪೈಸೆ. ಲೀಟರಿಗೆ 50 ಕಿಲೋಮೀಟರ್ ಕೊಡುವ ಗಾಡಿಯನ್ನು ಅದಕ್ಕಾಗಿ ನಾಲ್ಕು ಕಿಲೋಮೀಟರ್ ಸುತ್ತಿಸಿದರೆ ಸುಡುವ ಪೆಟ್ರೋಲಿಗೇ ಎಂಟು ರೂಪಾಯಿ ಹೋಗುತ್ತದೆ. ಮೂರೂ ಬಂಕ್‌ಗಳು ನನ್ನ ದಾರಿಯ ಮೇಲೇ ಇರುವುದರಿಂದ ಆ ಸುತ್ತು ನನಗಿಲ್ಲ. ಬಂಕ್ ದಾರಿಯ ಮೇಲೆ ಇಲ್ಲದವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಖಾಸಗಿ ಬಂಕಿನ ಮಾತು ಸ್ವಲ್ಪ ಬೇರೆ. ಸರ್ಕಾರಿ ಸ್ವಾಮ್ಯದ ಕಂಪನಿಗಳ ದರಕ್ಕೇ ಮಾರಬೇಕೆಂಬ ಕಟ್ಟುಪಾಡು ಖಾಸಗಿಯವರಿಗಿಲ್ಲ. 2022ರಲ್ಲಿ ಕಚ್ಚಾ ತೈಲದ ಬೆಲೆ ಏರಿದಾಗ ಸರ್ಕಾರಿ ಕಂಪನಿಗಳು ದರ ಏರಿಸದೆ ತಡೆದು ನಿಂತವು. ಆಗ ದೇಶದ ಹಲವೆಡೆ ಖಾಸಗಿ ಬಂಕ್‌ಗಳಲ್ಲಿ ದರ ಹೆಚ್ಚಾಯಿತು ಅಥವಾ ಮಾರಾಟವೇ ಕಡಿಮೆಯಾಯಿತು. ಬೇರೆ ಸಮಯದಲ್ಲಿ ಅವರೇ ರಿಯಾಯಿತಿಯನ್ನೂ ಕೊಡುತ್ತಾರೆ. ಹಾಗಾಗಿ ಅಲ್ಲಿ ನಿಲ್ಲುವ ಮುಂಚೆ ಫಲಕ ನೋಡುವುದು ನನಗೆ ರೂಢಿಯಾಗಿದೆ. ಬಂಕ್ ಸ್ವಚ್ಛವಾಗಿದೆ, ಸರತಿ ಇಲ್ಲ, ಬಿಲ್ಲನ್ನೂ ಕೊಡುತ್ತಾರೆ. ಆದರೆ ಅದು ಇರುವುದು ನಾನು ಸಂಜೆ ಹಿಂದಿರುಗುವ ಮಗ್ಗುಲಿನ ಎದುರಿಗೆ, ವಿಭಜಕ ದಾಟಿ ತಿರುಗಿ ಬರಬೇಕು. ಲಾರಿಗಳು ಓಡುವ ಹೊತ್ತಿನಲ್ಲಿ ಆ ತಿರುವು ನನಗೆ ಬೇಡ.

ಇನ್ನು ಬಿಲ್ಲಿನ ಸಂಗತಿ. ಅಣ್ಣಿಗೇರಿ ಕಡೆಯ ಬಂಕಿನಲ್ಲಿ ಪೆಟ್ರೋಲ್ ಹಾಕುವ ಹುಡುಗರು ಮಾತಿಗೆ ಸಿಹಿ, ಕೆಲಸಕ್ಕೆ ಚುರುಕು, ಹಾಕುವ ಮುಂಚೆ ‘ಝೀರೋ ನೋಡ್ರಿ ಸರ್’ ಎಂದು ತಾವಾಗಿಯೇ ಹೇಳುತ್ತಾರೆ. ತೊಡಕು ಶುರುವಾಗುವುದು ಹಣ ಕೊಟ್ಟ ಮೇಲೆ. ಬಿಲ್ ಕೇಳಿದರೆ ‘ರೋಲ್ ಮುಗದೈತ್ರಿ’ ಎನ್ನುತ್ತಾರೆ. ಇಲ್ಲವೆಂದರೆ ಮೊಹರು ಒತ್ತಿದ ಖಾಲಿ ಚೀಟಿಯನ್ನು ಹರಿದು ಕೊಟ್ಟು ‘ಎಷ್ಟ ಬೇಕೋ ಬರಕೊಳ್ರಿ’ ಎನ್ನುತ್ತಾರೆ. ಅವರ ಮನಸ್ಸಿನಲ್ಲಿ ಅದು ಗಿರಾಕಿಗೆ ಮಾಡುವ ಉಪಕಾರ. ನನಗೆ ಅದು ಅವಮಾನವೆನಿಸುತ್ತದೆ, ಏಕೆಂದರೆ ಆ ಚೀಟಿ ಹಿಡಿದುಕೊಂಡು ಲೆಕ್ಕಪತ್ರ ವಿಭಾಗದ ಮುಂದೆ ನಿಂತರೆ ಪ್ರಾಮಾಣಿಕವಾಗಿ ಬರೆದ ಅಂಕಿಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ಮುದ್ರಿತ ಬಿಲ್ ಸಿಕ್ಕ ದಿನವೂ ನೆಮ್ಮದಿ ಇಲ್ಲ. ಒಮ್ಮೆ 500 ರೂಪಾಯಿಗೆ ಹಾಕಿಸಿಕೊಂಡ ಮೇಲೆ ಹುಡುಗ ಸೊಂಟದ ಚೀಲದಿಂದ ಬಿಲ್ ತೆಗೆದು ಕೈಗಿಟ್ಟ. ನೋಡಿದರೆ ಮೊತ್ತ 500 ಸರಿ, ಆದರೆ ಸಮಯ ಬೆಳಗಿನದು. ಯಾರೋ ಬಿಟ್ಟುಹೋದ ಬಿಲ್ಲನ್ನು ನನಗೆ ಕೊಟ್ಟಿದ್ದ. ಬೇರೆ ಕೇಳಿದಾಗ ಕೈಯಂತ್ರದಲ್ಲಿ ಮೊತ್ತ ಮತ್ತು ದರವನ್ನು ತಾನೇ ಒತ್ತಿ ಹೊಸದನ್ನು ಮುದ್ರಿಸಿಕೊಟ್ಟ. ಇಲ್ಲಿಯೇ ನನ್ನ ಆಕ್ಷೇಪ ಇರುವುದು. ಹುಬ್ಬಳ್ಳಿಯ ಬಂಕಿನಲ್ಲಿ ಬಿಲ್ ಬರುವುದು ಪಂಪಿಗೇ ಜೋಡಿಸಿದ ಯಂತ್ರದಿಂದ. ಅದರಲ್ಲಿ ನಾಝಲ್ ಸಂಖ್ಯೆ, ಆ ದಿನದ ದರ, ಹರಿದ ಲೀಟರ್ ಮತ್ತು ಹೊತ್ತು ಎಲ್ಲವೂ ಇರುತ್ತವೆ. ಕೈಯಿಂದ ಒತ್ತಿದ ಬಿಲ್ ಮೊತ್ತವನ್ನು ದರದಿಂದ ಭಾಗಿಸಿ ಲೀಟರ್ ತೋರಿಸುತ್ತದೆಯೇ ಹೊರತು ಪಂಪಿನಿಂದ ಎಷ್ಟು ಹರಿಯಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ದರ ಬದಲಾದ ದಿನಗಳಲ್ಲಿ ಈ ವ್ಯತ್ಯಾಸ ನೇರವಾಗಿ ಜೇಬಿಗೆ ತಟ್ಟುತ್ತದೆ. ಮೊದಲೆಲ್ಲ ತಿಂಗಳ 1 ಮತ್ತು 16ನೇ ತಾರೀಕಿಗೆ ದರ ಪರಿಷ್ಕರಣೆ ಆಗುತ್ತಿತ್ತು; 2017ರ ಜೂನ್ 16ರಿಂದ ಪ್ರತಿದಿನ ಬೆಳಿಗ್ಗೆ 6 ಗಂಟೆಗೆ ಹೊಸ ದರ ಎಂಬ ಪದ್ಧತಿ ಬಂತು. ಈಚಿನ ವರ್ಷಗಳಲ್ಲಿ ದರ ತಿಂಗಳುಗಟ್ಟಲೆ ನಿಂತಲ್ಲೇ ನಿಂತು, ತೆರಿಗೆ ಬದಲಾದಾಗ ಒಮ್ಮೆಲೇ ಜಿಗಿಯುವುದನ್ನು ಕಂಡಿದ್ದೇವೆ. 2022ರ ಮೇ ತಿಂಗಳಲ್ಲಿ ಕೇಂದ್ರವು ಪೆಟ್ರೋಲಿನ ಅಬಕಾರಿ ಸುಂಕವನ್ನು 8 ರೂಪಾಯಿ ಇಳಿಸಿತು. 2024ರ ಮಾರ್ಚಿನಲ್ಲಿ ಲೀಟರಿಗೆ 2 ರೂಪಾಯಿ ಇಳಿಯಿತು. ಅದೇ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ದರ ಸುಮಾರು 3 ರೂಪಾಯಿ ಮೇಲೇರಿತು. ಇಂತಹ ವಾರದಲ್ಲಿ ಸುತ್ತಾಡಿದ ದೂರ ಅಷ್ಟೇ ಇದ್ದರೂ ಖರ್ಚು ಏಕೆ ಹೆಚ್ಚಾಯಿತು ಎಂಬ ಪ್ರಶ್ನೆ ಕಚೇರಿಯಿಂದ ಬಂದೇ ಬರುತ್ತದೆ. ತಾರೀಕು ಮತ್ತು ದರ ಸರಿಯಾಗಿರುವ ಬಿಲ್ ಇದ್ದರೆ ಉತ್ತರ ಅದರಲ್ಲೇ ಇರುತ್ತದೆ. ಹಳೆಯ ದರವನ್ನೇ ಒತ್ತಿದ ಕೈಬಿಲ್ ಇದ್ದರೆ ಲೀಟರ್ ಲೆಕ್ಕ ತಪ್ಪಿ, ನಾನು ಸಮಜಾಯಿಷಿ ಬರೆಯುತ್ತ ಕೂರಬೇಕಾಗುತ್ತದೆ.

(ಬಿಲ್ ಯಾವ ಬಂಕಿನದೇ ಇರಲಿ, ಅದು ಶಾಖಕ್ಕೆ ಮಾಸುವ ಕಾಗದ. ಏಪ್ರಿಲ್ ಬಿಸಿಲಿನಲ್ಲಿ ಗಾಡಿಯ ಡಬ್ಬಿಯೊಳಗೆ ಇಟ್ಟರೆ ತಿಂಗಳ ಕೊನೆಗೆ ಬಿಳಿ ಚೀಟಿ ಉಳಿಯುತ್ತದೆ. ಅಂದೇ ಮೊಬೈಲಿನಲ್ಲಿ ಫೋಟೊ ತೆಗೆದಿಡಬೇಕು.)

ಅಳತೆಯಲ್ಲಿ ಮೂರರ ನಡುವೆ ಹೇಳಿಕೊಳ್ಳುವಂತಹ ಅಂತರ ನನಗೆ ಕಂಡಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಐದು ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು. ಅನುಮಾನ ಬಂದ ಗಿರಾಕಿ ಅದರಲ್ಲಿ ಅಳೆದು ತೋರಿಸಿ ಎಂದು ಕೇಳಬಹುದು, ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ಹುಬ್ಬಳ್ಳಿಯಲ್ಲಿ ಕೇಳಿದ ಕೂಡಲೇ ತಂದು ತೋರಿಸಿದರು. ಅಣ್ಣಿಗೇರಿ ಕಡೆ ಮಾಲೀಕರನ್ನು ಕರೆಯಬೇಕಾಯಿತು, ಆದರೆ ಅಳತೆ ಸರಿಯಿತ್ತು. 100ರ ಬದಲು 110 ಎಂದು ಹೇಳಿದರೆ ಕೊಟ್ಟ ಹಣದ ಲೆಕ್ಕಕ್ಕಿಂತ ಹೆಚ್ಚು ಪೆಟ್ರೋಲ್ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಬೇರೂರಿದೆ. ಯಂತ್ರ ಲೀಟರನ್ನು ಅಳೆದು ದರದಿಂದ ಗುಣಿಸುತ್ತದೆ, ಹೇಳುವ ಮೊತ್ತ ಯಾವುದೇ ಇರಲಿ, ಅದಕ್ಕೆ ಏನೂ ಆಗುವುದಿಲ್ಲ.

ಎಥನಾಲ್ ಬೆರಕೆ ಮೂರೂ ಕಡೆ ಇದೆ, ಆಯ್ಕೆಗೆ ಅದು ಆಧಾರವಲ್ಲ. ಆದರೆ ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ನೆಲದಡಿಯ ಟ್ಯಾಂಕಿಗೆ ಮಳೆನೀರು ಸೇರದಂತೆ ನೋಡಿಕೊಳ್ಳುವ ಬಂಕ್ ಬೇಕು. ಹುಬ್ಬಳ್ಳಿಯ ಬಂಕಿನಲ್ಲಿ ಮಳೆ ಬಂದ ಮರುದಿನ ಸಿಬ್ಬಂದಿ ಅಳತೆಯ ಕೋಲಿಗೆ ನೀರು ಪತ್ತೆಮಾಡುವ ಪೇಸ್ಟ್ ಹಚ್ಚಿ ಟ್ಯಾಂಕಿಗೆ ಇಳಿಸುವುದನ್ನು ನೋಡಿದ್ದೇನೆ. ಆ ಶಿಸ್ತು ನನಗೆ ಬಹಳ ಹಿಡಿಸಿತು.

ಗಾಳಿ ಯಂತ್ರ: ಹುಬ್ಬಳ್ಳಿಯಲ್ಲಿ ನಡೆಯುತ್ತದೆ, ಖಾಸಗಿಯಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ, ಅಣ್ಣಿಗೇರಿ ಕಡೆ ಆಪರೇಟರ್ ಇದ್ದರೆ ಉಂಟು.

ಹುಬ್ಬಳ್ಳಿಯ ಬಂಕಿನ ದೋಷವೆಂದರೆ ಬೆಳಗಿನ ಸರತಿ. ಆಟೊಗಳೂ ಶಾಲೆಯ ವಾಹನಗಳೂ ಒಮ್ಮೆಲೇ ಬರುವುದರಿಂದ ಒಂಬತ್ತರ ಹೊತ್ತಿಗೆ ಅಲ್ಲಿ ನಿಲ್ಲುವುದು ಕಷ್ಟ. ನಾನು ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿಡುತ್ತೇನೆ. ಸ್ವಂತ ಖರ್ಚಿನಲ್ಲಿ ಓಡಾಡುವವರು, ಅದರಲ್ಲೂ ನಲವಡಿ, ಅಣ್ಣಿಗೇರಿ ಕಡೆಯವರು, ಬಿಲ್ಲಿನ ಗೊಡವೆ ಇಲ್ಲದಿದ್ದರೆ ಡೀಲರ್ ಬಂಕಿಗೇ ಧಾರಾಳವಾಗಿ ಹೋಗಬಹುದು, ಪೆಟ್ರೋಲಿನ ಬಗ್ಗೆ ನನ್ನ ದೂರಿಲ್ಲ. ನಾನು ಅಲ್ಲಿ ಹಾಕಿಸುವುದು ಗದಗಿನಿಂದ ಬರುವಾಗ ರಿಸರ್ವ್‌ಗೆ ಬಂದರೆ ಮಾತ್ರ, ಅದೂ ಹುಬ್ಬಳ್ಳಿ ಮುಟ್ಟುವಷ್ಟು, 100 ರೂಪಾಯಿಯದು. ಆ ನೂರನ್ನು ಕಚೇರಿಯ ಲೆಕ್ಕಕ್ಕೆ ಹಾಕುವುದಿಲ್ಲ.