ನ್ಯೂಯಾರ್ಕ್–ಸಿಂಗಾಪುರ ನೇರ ವಿಮಾನ: ಬೆಂಗಳೂರಿಗೆ ಹೊರಟವರು ಹತ್ತಬೇಕೇ?

ನ್ಯೂಯಾರ್ಕ್‌ನ ಜೆಎಫ್‌ಕೆಯಿಂದ ಸಿಂಗಾಪುರದ ಚಾಂಗಿಗೆ ಭೂಗೋಳದ ಮೇಲೆ ದಾರ ಎಳೆದು ಅಳೆದರೆ ಸುಮಾರು 15,350 ಕಿ.ಮೀ. ಗಂಟೆಗೆ 900 ಕಿ.ಮೀ. ಹಿಡಿದರೆ 17 ಗಂಟೆ. ಆದರೆ ಸಿಂಗಾಪುರ್ ಏರ್‌ಲೈನ್ಸ್‌ನ ಎಸ್‌ಕ್ಯೂ 23 ವಿಮಾನದ ವೇಳಾಪಟ್ಟಿಯಲ್ಲಿ 18 ಗಂಟೆ 40 ನಿಮಿಷದ ಆಸುಪಾಸು ಇರುತ್ತದೆ. ವಿಮಾನ ದಾರದ ಗೆರೆ ಹಿಡಿದು ಹೋಗುವುದಿಲ್ಲ. ಬೆನ್ನುಗಾಳಿ ಸಿಗುವ ಕಡೆ ವಾಲುತ್ತದೆ, ಮುಚ್ಚಿದ ವಾಯುಪ್ರದೇಶ ಇದ್ದರೆ ಬಳಸಿಕೊಂಡು ಹೋಗುತ್ತದೆ. ಹಾರುವ ದೂರ 16,000 ಕಿ.ಮೀ. ದಾಟುವುದುಂಟು. ರನ್‌ವೇವರೆಗೆ ತೆವಳುವ ಸಮಯವೂ ಆ ಪಟ್ಟಿಯ ಲೆಕ್ಕದಲ್ಲೇ ಸೇರಿರುತ್ತದೆ. ಅಂತರ್ಜಾಲದ ದೂರ–ಸಮಯದ ಕ್ಯಾಲ್ಕುಲೇಟರ್ ನಂಬಿ ಮುಂದಿನ ವಿಮಾನ ಬುಕ್ ಮಾಡಿದರೆ ತಪ್ಪುವುದು ಇಲ್ಲೇ.

ತಾರೀಕಿನ ಬಗ್ಗೆಯೂ ಎಚ್ಚರ. ಸಿಂಗಾಪುರ ನ್ಯೂಯಾರ್ಕ್‌ಗಿಂತ ಬೇಸಿಗೆಯಲ್ಲಿ 12, ಚಳಿಗಾಲದಲ್ಲಿ 13 ಗಂಟೆ ಮುಂದೆ. ಸೋಮವಾರ ರಾತ್ರಿ ಹತ್ತೂವರೆಗೆ ಹೊರಟರೆ ಇಳಿಯುವುದು ಬುಧವಾರ ನಸುಕಿನಲ್ಲಿ. ಮಂಗಳವಾರ ಹೆಚ್ಚುಕಡಿಮೆ ಪೂರ್ತಿ ಆಕಾಶದಲ್ಲೇ ಕಳೆಯುತ್ತದೆ.

ಇಷ್ಟು ದೂರ ಒಂದೇ ಹಾರಾಟದಲ್ಲಿ ಹೋಗಲೆಂದೇ ಏರ್‌ಬಸ್ ಎ350-900 ಯುಎಲ್‌ಆರ್ (ಅಲ್ಟ್ರಾ ಲಾಂಗ್ ರೇಂಜ್, ಅಂದರೆ ಅತಿ ದೂರ ಹಾರುವ ಮಾದರಿ) ಮಾಡಿದ್ದು. ಮಾಮೂಲಿ ಎ350-900ರಲ್ಲಿ 1,41,000 ಲೀಟರ್ ಇಂಧನ. ಇದರಲ್ಲಿ ಹೆಚ್ಚುವರಿ ಟ್ಯಾಂಕ್ ಇಲ್ಲದೆಯೇ 1,65,000. ಆ ಭಾರಕ್ಕೆ ಸೀಟುಗಳನ್ನು ಕಡಿಮೆ ಮಾಡಿದ್ದಾರೆ: 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ, ಒಟ್ಟು 161. ಎಕಾನಮಿ ಇಲ್ಲವೇ ಇಲ್ಲ, ಹಾಗಾಗಿ ಅಗ್ಗದ ಟಿಕೆಟ್ ಹುಡುಕುವುದು ವ್ಯರ್ಥ.

ಪ್ರೀಮಿಯಂ ಎಕಾನಮಿಯಲ್ಲಿ ಸಾಲುಗಳ ಅಂತರ 38 ಇಂಚು, ಜೋಡಣೆ 2-4-2. ಹಿಂಬದಿಗೆ ವಿಮಾನದ ಮೈ ಸಪೂರವಾಗುವುದರಿಂದ 40ರಿಂದ 42ನೇ ಸಾಲಿನ ಕಿಟಕಿ ಬದಿಗೆ ಒಂದೊಂದೇ ಸೀಟು, ಒಟ್ಟು ಆರು. ಒಬ್ಬರೇ ಹೋಗುವವರಿಗೆ ಇಡೀ ಕ್ಯಾಬಿನ್‌ನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪಕ್ಕದವರನ್ನು ಎಬ್ಬಿಸದೆ ಎದ್ದು ಓಡಾಡಬಹುದು. ಇಷ್ಟು ಹೊತ್ತಿನ ಪಯಣದಲ್ಲಿ ಕಾಲು ಊದದಿರಲು ಅದು ಬೇಕೇ ಬೇಕು. ಸಸ್ಯಾಹಾರಿಗಳು ‘ಇಂಡಿಯನ್ ವೆಜ್’ ಅಥವಾ ಜೈನ ಊಟವನ್ನು ಕನಿಷ್ಠ 24 ಗಂಟೆ ಮೊದಲೇ ಹೇಳಿಡಬೇಕು.

ಸಿಂಗಾಪುರಕ್ಕೇ ಹೋಗುವವರಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸೇವೆ. ಆದರೆ ನ್ಯೂಜೆರ್ಸಿಯಿಂದ ಬೆಂಗಳೂರಿಗೆ ಬರುವವರಿಗೆ ದಾರಿಯೇ ಸರಿಯಲ್ಲ. ಲಂಡನ್ ಮೂಲಕ ಒಟ್ಟು ಸುಮಾರು 13,600 ಕಿ.ಮೀ., ಗಾಳಿಯಲ್ಲಿ 17 ಗಂಟೆ. ಚಾಂಗಿ ಮೂಲಕ 18,500 ಕಿ.ಮೀ., 23 ಗಂಟೆ, ಕಾಯುವುದು ಬೇರೆ. ಬೆಂಗಳೂರನ್ನು ದಾಟಿ ಪೂರ್ವಕ್ಕೆ ಹೋಗಿ ಮತ್ತೆ ಹಿಂದಿರುಗಿದ ಹಾಗೆ.

ಆದರೂ ಇದನ್ನೇ ಹತ್ತುವುದಾದರೆ ಬೆಂಗಳೂರಿನ ವಿಮಾನ ಬೆಳಿಗ್ಗೆಯದೋ ರಾತ್ರಿಯದೋ ನೋಡಿಕೊಳ್ಳಿ. ರಾತ್ರಿಯದಾದರೆ ಇಡೀ ಹಗಲು ಚಾಂಗಿಯಲ್ಲೇ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಕೊಂಡರೆ ಬ್ಯಾಗ್ ಬಿಡಿಸಿಕೊಳ್ಳಲು ಇಮಿಗ್ರೇಷನ್ ದಾಟಬೇಕಾಗಬಹುದು, ಭಾರತದ ಪಾಸ್‌ಪೋರ್ಟ್‌ ಇದ್ದವರಿಗೆ ಅಲ್ಲಿ ವೀಸಾ ಪ್ರಶ್ನೆ ಏಳುತ್ತದೆ.